ಉತ್ತರ ಕೊಡದ ನೆರೆಯವನು

(ಧ್ಯಾನಕ್ಕೆ ಆಧಾರ: ಯಾಜಕಕಾಂಡ 19ನೆಯ ಅಧ್ಯಾಯದ 14ನೆಯ ವಚನ)



ದೇವರು ಮೋಶೆಯ ಮುಖಾಂತರ ಇಸ್ರಾಯೇಲ್ಯರಿಗೆ ಕೊಟ್ಟ ಆಜ್ಞೆಗಳಲ್ಲಿ ಬಹು ಚಿಕ್ಕದಾಗಿ ತೋರುವ ಒಂದು ಆಜ್ಞೆ ಉಂಟು. ಕಿವುಡನಾದವನನ್ನು ಶಪಿಸುವುದನ್ನೂ, ಕುರುಡನು ನಡೆಯುವ ದಾರಿಯಲ್ಲಿ ಅಡ್ಡಿಯನ್ನಿಡುವುದನ್ನೂ ಆತನು ಕೂಡಿಸಿ ನಿಷೇಧಿಸಿ, ಆ ನಿಷೇಧವನ್ನು ತನ್ನ ಭಯದ ಮೇಲೆ ನಿಲ್ಲಿಸಿದನು. ಓದುವವನು ಇಲ್ಲಿ ತಡೆದು ಹೀಗೆ ಕೇಳಾನು: ಕಿವುಡನಿಗೆ ಶಾಪವು ಕೇಳಿಸುವುದೇ ಇಲ್ಲವಲ್ಲಾ, ಕೇಳಿಸದ ಮಾತಿನಿಂದ ಅವನಿಗೆ ಬಂದ ನಷ್ಟವೇನು? ನಷ್ಟವು ಏನಂದರೆ, ಅವನಿಗೆ ಕೇಳಿಸದಿದ್ದರೂ ಸುತ್ತಲೂ ನಿಂತವರಿಗೆಲ್ಲಾ ಕೇಳಿಸುತ್ತದೆ. ಅವನ ಮಾನವು ಅವನ ಕಣ್ಣೆದುರಿನಲ್ಲಿಯೇ ಹೋಗುತ್ತಿದ್ದರೂ ಅವನಿಗೆ ತಿಳಿಯದು. ತಿಳಿಯದ ಕಾರಣ ಅಲ್ಲವೆಂದು ಹೇಳಲಾರನು. ಹೇಳಲಾರನೆಂದು ಬಲ್ಲ ಕಾರಣದಿಂದಲೇ ಶಪಿಸುವವನಿಗೆ ಧೈರ್ಯ ಹೆಚ್ಚುತ್ತದೆ. ಆದಕಾರಣ ದೇವರು ತಾನೇ ಆ ಕಿವುಡನ ಕಿವಿಯಾಗಿ ನಿಲ್ಲುತ್ತಾನೆ. ಅವನು ಕೇಳದಿದ್ದರೂ ನಾನು ಕೇಳುತ್ತೇನೆ, ನನಗೆ ಭಯಪಡು, ಎಂಬುದೇ ಈ ಆಜ್ಞೆಯ ತಾತ್ಪರ್ಯವು.

ಈ ಆಜ್ಞೆಯ ಬೆಳಕಿನಲ್ಲಿ ದೂರದೇಶದ ಒಂದು ಜನವನ್ನು ಕುರಿತು ನಾವು ಈ ಸಾರಿ ವಿಚಾರ ಮಾಡೋಣ. ಅಮೇರಿಕಾ ದೇಶದಲ್ಲಿ ಆಮಿಶ್ ಎಂಬ ಕ್ರೈಸ್ತರಿದ್ದಾರೆ. ಅವರು ಹುಟ್ಟುಕಿವುಡರಲ್ಲ, ಆದರೂ ಸಿನೆಮಾ ಮತ್ತು ಟೆಲಿವಿಜನ್ ಎಂಬವುಗಳ ಕಡೆಗೆ ಅವರು ಮನಸ್ಸಾರೆ ಕಿವಿಯನ್ನೂ ಕಣ್ಣನ್ನೂ ಮುಚ್ಚಿಕೊಂಡವರು. ಅವರ ವಿಷಯವಾಗಿ ಪರದೆಯ ಮೇಲೆ ಏನು ತೋರಿಸಿದರೂ ಅವರಲ್ಲಿ ಹೆಚ್ಚಿನವರು ಅದನ್ನು ನೋಡುವುದಿಲ್ಲ, ನೋಡಿದರೂ ನ್ಯಾಯಸ್ಥಾನಕ್ಕೆ ಹೋಗುವುದಿಲ್ಲ. ಇಂಥವರನ್ನು ಲೋಕವು ಹೇಗೆ ಚಿತ್ರಿಸಿತೆಂಬುದನ್ನು ತಿಳಿದರೆ, ನಮ್ಮ ಗ್ರಾಮಗಳಲ್ಲಿ ನಾವು ನೆರೆಯವರನ್ನು ಹೇಗೆ ಚಿತ್ರಿಸುತ್ತೇವೆಂಬ ವಿಷಯದಲ್ಲಿಯೂ ಬುದ್ಧಿ ಬಂದೀತು.

ಇವರು ಯಾರು?

ಹೆಸರು ಕೇಳಿದೊಡನೆ ನಮ್ಮ ಭಾಷೆಯ ಆಮಿಷವೆಂಬ ಮಾತು ನೆನಪಿಗೆ ಬಂದೀತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಲೋಕದ ಆಮಿಷಗಳಿಂದ ದೂರವಿರಬೇಕೆಂದೇ ಅವರು ಪ್ರತ್ಯೇಕವಾಗಿ ಬಾಳುವವರು. 1525ನೆಯ ಇಸವಿಯ ಜನವರಿ 21ರಂದು ಸ್ವಿಸ್ ದೇಶದ ಜ್ಯೂರಿಕ್ ಪಟ್ಟಣದಲ್ಲಿ ಕೆಲವರು ಕೂಡಿಬಂದು, ವಿಶ್ವಾಸವನ್ನು ತಾನೇ ಬಾಯಿಂದ ಅರಿಕೆಮಾಡುವವನಿಗೆ ಮಾತ್ರ ಸ್ನಾನದೀಕ್ಷೆ ಸಲ್ಲತಕ್ಕದ್ದೆಂದು ನಿಶ್ಚಯಿಸಿ ಒಬ್ಬರಿಗೊಬ್ಬರು ದೀಕ್ಷೆ ಕೊಟ್ಟರು. ಇವರಿಗೆ ಅನಾಬಾಪ್ಟಿಸ್ಟರು, ಅಂದರೆ ಮರುಸ್ನಾನದವರು, ಎಂಬ ಹೆಸರು ಬಂತು. ಇವರು ಖಡ್ಗ ಹಿಡಿಯುವುದಿಲ್ಲವೆಂದೂ ಆಣೆಯಿಡುವುದಿಲ್ಲವೆಂದೂ ಹೇಳಿದ್ದರಿಂದ ಅರಸರೂ ಅಧಿಕಾರಿಗಳೂ ಇವರ ಮೇಲೆ ಕೋಪಗೊಂಡರು. 1527ರ ಜನವರಿಯಲ್ಲಿ ಫೆಲಿಕ್ಸ್ ಮಾನ್ಸ್ ಎಂಬವನನ್ನು ಜ್ಯೂರಿಕಿನ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಇದನ್ನು ಮಾಡಿಸಿದವರು ರೋಮ್ ಸಭೆಯವರಲ್ಲ. ಸಭಾಸುಧಾರಣೆಯನ್ನು ಅಂಗೀಕರಿಸಿದ ಪಟ್ಟಣದ ಸಭಿಕರೇ. ಪ್ರೊಟೆಸ್ಟೆಂಟರೆನ್ನಿಸಿಕೊಳ್ಳುವ ನಾವು ಈ ಸಂಗತಿಯನ್ನು ಮುಚ್ಚಿಡಬಾರದು.

1693ರಲ್ಲಿ ಸ್ವಿಸ್ ದೇಶದಲ್ಲಿಯೂ ಆಲ್ಸೇಸ್ ಸೀಮೆಯಲ್ಲಿಯೂ ಇದ್ದ ಈ ಸಭೆಗಳಲ್ಲಿ ಭೇದವುಂಟಾಯಿತು. ಸಭೆಯ ಶಿಸ್ತು ಇನ್ನೂ ಬಿಗಿಯಾಗಿರಬೇಕೆಂದು ವಾದಿಸಿದ ಯಾಕೋಬ್ ಅಮ್ಮನ್ ಎಂಬ ಹಿರಿಯನ ಪಕ್ಷದವರೇ ಆಮಿಶರೆನ್ನಿಸಿಕೊಂಡರು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮಿಶನರಿಗಳನ್ನು ಕಳುಹಿಸಿದ ಬಾಸೆಲ್ ಪಟ್ಟಣವು ಆ ಆಲ್ಸೇಸ್ ಸೀಮೆಯ ಅಂಚಿನಲ್ಲಿಯೇ ಇರುತ್ತದೆ. ಹೀಗೆ ಕನ್ನಡ ಸೀಮೆಗೆ ಸುವಾರ್ತೆಯನ್ನು ತಂದವರೂ ಈ ಆಮಿಶರ ಪಿತೃಗಳೂ ನೆರೆಯ ಸೀಮೆಗಳವರೆಂದು ಹೇಳಬಹುದು. ಹದಿನೆಂಟನೆಯ ಶತಮಾನದಲ್ಲಿ ಆಮಿಶರು ಹಡಗು ಹತ್ತಿ ಪೆನ್ಸಿಲ್ವೇನಿಯಾ ಸೀಮೆಗೆ ಹೋಗತೊಡಗಿದರು. ಯುರೋಪಿನಲ್ಲಿ ಉಳಿದಿದ್ದ ಕೊನೆಯ ಸಭೆಯು 1937ರಲ್ಲಿ ಮೆನ್ನೊನೈಟರೊಂದಿಗೆ ಕೂಡಿಹೋಯಿತು. ಈಗ ಪೆನ್ಸಿಲ್ವೇನಿಯಾ, ಓಹಾಯೋ, ಇಂಡಿಯಾನ ಮುಂತಾದ 30ಕ್ಕೂ ಹೆಚ್ಚು ಸಂಸ್ಥಾನಗಳಲ್ಲಿ ಸುಮಾರು 4 ಲಕ್ಷ ಆಮಿಶರಿದ್ದಾರೆ.

ಅವರ ನಡಾವಳಿಯನ್ನು ಸಂಕ್ಷೇಪವಾಗಿ ಹೇಳುವೆವು. ಇಪ್ಪತ್ತರಿಂದ ನಲವತ್ತು ಕುಟುಂಬಗಳು ಸೇರಿ ಒಂದು ಸಭೆ. ಅವರು ದೇವಾಲಯಗಳನ್ನು ಕಟ್ಟುವುದಿಲ್ಲ; ಭಾನುವಾರ ಬಿಟ್ಟು ಭಾನುವಾರ ಒಬ್ಬೊಬ್ಬರ ಮನೆಯಲ್ಲಿ ಆರಾಧನೆಗೆ ಕೂಡುತ್ತಾರೆ. ಅಪೊಸ್ತಲರು ಮತ್ತೀಯನನ್ನು ಆರಿಸಿದ ಹಾಗೆ ಅವರು ಬೋಧಕರನ್ನು ಚೀಟು ಹಾಕಿ ಆರಿಸುತ್ತಾರೆ. ಆರಿಸಲ್ಪಟ್ಟವನಿಗೆ ಸಂಬಳವಿಲ್ಲ, ಅವನು ಹೊಲವನ್ನು ಉಳುತ್ತಲೇ ಬೋಧಿಸಬೇಕು. ಮನೆಯಲ್ಲಿ ಜರ್ಮನ್ ಭಾಷೆಯ ಒಂದು ಆಡುನುಡಿ, ಆರಾಧನೆಯಲ್ಲಿ ಜರ್ಮನ್ ವೇದ, ಹೊರಗಿನವರೊಡನೆ ಇಂಗ್ಲಿಷು. ಉಡುಪು, ವಾಹನ, ಯಂತ್ರ ಇವುಗಳ ವಿಷಯವಾಗಿ ಸಭೆಯು ಒಡಂಬಟ್ಟ ಕಟ್ಟಳೆಗೆ ಅವರ ಮಾತಿನಲ್ಲಿ ಓರ್ಡ್ನುಂಗ್ ಎಂದು ಹೆಸರು. ಪವಿತ್ರ ಭೋಜನಕ್ಕೆ ಮುಂಚೆ ವರುಷಕ್ಕೆ ಎರಡು ಸಾರಿ ಸಭೆಯವರೆಲ್ಲಾ ಅದನ್ನು ವಿಮರ್ಶಿಸಿ, ನಾವು ಒಂದೇ ಮನಸ್ಸಿನವರಾಗಿದ್ದೇವೋ ಎಂದು ತಮ್ಮನ್ನು ಶೋಧಿಸಿಕೊಳ್ಳುತ್ತಾರೆ.

ಅವರು ಯಂತ್ರವನ್ನು ಕಂಡರೆ ಪಿಶಾಚಿಯನ್ನು ಕಂಡಂತೆ ಬೆದರುವ ಅಜ್ಞಾನಿಗಳೆಂದು ಅನೇಕರ ಎಣಿಕೆ. ಇದು ಸರಿಯಲ್ಲ. ಮೋಟಾರು ಬಂಡಿಯನ್ನು ಸ್ವಂತಕ್ಕೆ ಇಟ್ಟುಕೊಳ್ಳದವನು ಬಾಡಿಗೆಯ ಬಂಡಿಯಲ್ಲಿ ಕೂತು ದೂರದ ಊರಿಗೆ ಹೋಗುವುದುಂಟು. ಊರಿನ ವಿದ್ಯುತ್ ತಂತಿಯನ್ನು ಮನೆಯೊಳಗೆ ಸೇರಿಸದವನು ಬ್ಯಾಟರಿಯ ದೀಪವನ್ನು ಉಪಯೋಗಿಸುವುದುಂಟು. ಮನೆಯೊಳಗೆ ಟೆಲಿಫೋನನ್ನು ಇಡದೆ ದಾರಿಯ ಬದಿಯ ಸಣ್ಣ ಗುಡಿಸಲಲ್ಲಿ ಇಡುವುದುಂಟು. ಅವರು ಕೇಳುವ ಪ್ರಶ್ನೆಯು ಈ ವಸ್ತುವು ಪಾಪವೋ ಎಂಬುದಲ್ಲ. ಇದು ಮನೆಯೊಳಗೆ ಬಂದರೆ ಮನೆಯವರು ಒಬ್ಬರಿಗೊಬ್ಬರು ದೂರವಾಗುವರೋ, ನೆರೆಯವನು ಬೇಡವಾಗುವನೋ ಎಂಬುದೇ. ಈ ವಿಷಯಗಳಲ್ಲಿ ಎಲ್ಲಾ ಸಭೆಗಳೂ ಒಂದೇ ರೀತಿಯಲ್ಲ. ಬಹು ಬಿಗಿಯಾದವರೂ ಸಡಿಲವಾದವರೂ ಒಂದೇ ಜಿಲ್ಲೆಯಲ್ಲಿರುತ್ತಾರೆ. ಅವರು ಸರಕಾರಕ್ಕೆ ವರಮಾನದ ತೆರಿಗೆಯನ್ನೂ ಭೂಮಿಯ ತೆರಿಗೆಯನ್ನೂ ಸಲ್ಲಿಸುತ್ತಾರೆ. ಮಕ್ಕಳನ್ನು ಎಂಟನೆಯ ತರಗತಿಯ ವರೆಗೆ ಓದಿಸುತ್ತಾರೆ. ಇಷ್ಟೇ ಸಾಕೆಂಬ ಅವರ ಧಾರ್ಮಿಕ ಮನವಿಯನ್ನು ಅಮೇರಿಕಾದ ಪರಮೋಚ್ಚ ನ್ಯಾಯಾಲಯವು 1972ರಲ್ಲಿ ಅಂಗೀಕರಿಸಿತು.

ಪರದೆಯು ಇವರನ್ನು ಹೇಗೆ ತೋರಿಸಿತು?

ಒಂದನೆಯದು, ಇಲ್ಲದ್ದನ್ನು ಉಂಟೆಂದು ಹೇಳುವ ಸುಳ್ಳು. 2012ರ ದಶಂಬರದಲ್ಲಿ ಡಿಸ್ಕವರಿ ಎಂಬ ಟೆಲಿವಿಜನ್ ಸಂಸ್ಥೆಯವರು ‘ಆಮಿಶ್ ಮಾಫಿಯಾ’ ಎಂಬ ಹೆಸರಿನ ಸರಣಿಯನ್ನು ತೊಡಗಿದರು. ಆಮಿಶರ ಒಳಗೆ ಒಂದು ಗುಪ್ತ ದಂಡು ಇದೆ, ಅದು ಬಂದೂಕು ಹಿಡಿದು ಹಣ ವಸೂಲುಮಾಡಿ ತನ್ನ ಜನರನ್ನು ಕಾಯುತ್ತದೆ, ಎಂಬುದು ಅದರ ಕಥೆ. ಆಯುಧ ಮುಟ್ಟುವುದಕ್ಕಿಂತ ಸಾಯುವುದೇ ಲೇಸೆಂದು ನದಿಯಲ್ಲಿ ಮುಳುಗಿದವರ ಮಕ್ಕಳ ಮೇಲೆ ಇಂಥ ಕಥೆಯನ್ನು ಕಟ್ಟಿದರು! ಆಮಿಶರನ್ನು ಬಹುಕಾಲ ಅಭ್ಯಾಸಮಾಡಿದ ವಿದ್ವಾಂಸರು ಅಂಥ ದಂಡು ಇಲ್ಲವೇ ಇಲ್ಲವೆಂದು ಹೇಳಿದರು. ತೋರಿಸಿದ ಘಟನೆಗಳು ಮರುನಟನೆಯೆಂಬ ಸೂಚನೆಯನ್ನು ಸರಣಿಯವರೇ ಹಾಕಿದ್ದರೂ, ನೋಡುವ ಸಾವಿರಾರು ಮಂದಿಗೆ ಚಿತ್ರವು ನೆನಪಿರುತ್ತದೆ, ಸೂಚನೆಯು ನೆನಪಿರುವುದಿಲ್ಲ. 2014ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರನಾಗಿದ್ದ ಟಾಮ್ ಕಾರ್ಬೆಟ್ ಎಂಬವನೂ ಬೇರೆ ಪ್ರಮುಖರೂ ಈ ಸರಣಿಯನ್ನು ಆಕ್ಷೇಪಿಸುವ ಹೇಳಿಕೆಗೆ ರುಜುಹಾಕಿದರು. ಆದರೂ ಅದು 2015ರ ವರೆಗೆ ನಡೆಯಿತು. ಅದೇ 2012ರಲ್ಲಿ ‘ಬ್ರೇಕಿಂಗ್ ಆಮಿಶ್’ ಎಂಬ ಇನ್ನೊಂದು ಸರಣಿಯು, ಕೆಲವು ಯುವಕ ಯುವತಿಯರು ಮೊದಲ ಸಾರಿ ಮನೆಬಿಟ್ಟು ನ್ಯೂಯಾರ್ಕ್ ಪಟ್ಟಣಕ್ಕೆ ಬಂದದ್ದನ್ನು ತೋರಿಸುತ್ತೇವೆಂದು ಹೇಳಿತು. ನೋಡಿದವರು ವಿಚಾರಿಸಲಾಗಿ, ಅವರಲ್ಲಿ ಕೆಲವರು ಬಹಳ ಹಿಂದೆಯೇ ಸಭೆಯನ್ನು ಬಿಟ್ಟು ಹೊರಗೆ ಸಂಸಾರಮಾಡಿದವರೆಂದು ಬೆಳಕಿಗೆ ಬಂತು.

ಎರಡನೆಯದು, ಕೆಲವರನ್ನು ತೋರಿಸಿ ಎಲ್ಲರೂ ಹೀಗೆಯೇ ಎನ್ನಿಸುವ ಸುಳ್ಳು. ಇದು ಮೊದಲನೆಯದಕ್ಕಿಂತ ಸೂಕ್ಷ್ಮವಾದದ್ದು. ಯಾಕಂದರೆ ಇದರಲ್ಲಿ ಕಾಣುವ ಒಂದೊಂದು ಚಿತ್ರವೂ ನಿಜವಾಗಿರಬಹುದು. ಆಮಿಶರ ಮಕ್ಕಳಿಗೆ ಹದಿನಾರು ವರುಷ ತುಂಬಿದ ಮೇಲೆ ಸ್ನಾನದೀಕ್ಷೆಯಾಗುವ ವರೆಗೆ ಒಂದು ಕಾಲವುಂಟು; ಇದಕ್ಕೆ ರುಮ್ಸ್‌ಪ್ರಿಂಗಾ ಎಂದು ಹೆಸರು, ಸುತ್ತಾಡುವುದೆಂದು ಅರ್ಥ. ಆ ಕಾಲದಲ್ಲಿ ಯುವಕರು ಭಾನುವಾರ ಸಾಯಂಕಾಲ ಕೂಡಿ ಹಾಡುತ್ತಾರೆ, ಒಬ್ಬರನ್ನೊಬ್ಬರು ಅರಿಯುತ್ತಾರೆ, ತಕ್ಕವರನ್ನು ಮದುವೆಗೆ ಆರಿಸಿಕೊಳ್ಳುತ್ತಾರೆ. ಹೆಚ್ಚಿನವರು ತಂದೆತಾಯಿಯ ಮನೆಯಲ್ಲಿಯೇ ಇದ್ದು ಕೆಲಸಮಾಡುತ್ತಿರುತ್ತಾರೆ. ಕೆಲವರು ಕುಡಿದು ಕೆಡುವುದೂ ಉಂಟು. 2002ರಲ್ಲಿ ಬಂದ ‘ಡೆವಿಲ್ಸ್ ಪ್ಲೇಗ್ರೌಂಡ್’ ಎಂಬ ಸಾಕ್ಷ್ಯಚಿತ್ರವು ಇಂಡಿಯಾನದಲ್ಲಿ ಹಾಗೆ ಕೆಟ್ಟ ಕೆಲವರನ್ನು ಹಿಂಬಾಲಿಸಿ ತೋರಿಸಿತು. ಅಂದಿನಿಂದ ಆಮಿಶ್ ತಂದೆತಾಯಿಗಳು ತಾವೇ ಮಕ್ಕಳನ್ನು ಪಾಪಮಾಡಿ ಬನ್ನಿರೆಂದು ಲೋಕಕ್ಕೆ ಕಳುಹಿಸುತ್ತಾರೆಂಬ ಮಾತು ಬೆಳೆಯಿತು. ಹಾಗೆ ಯಾವ ತಾಯಿಯಾದರೂ ಮಗನನ್ನು ಕಳುಹಿಸುವಳೋ? ಆ ತಾಯಂದಿರು ರಾತ್ರಿ ಎಚ್ಚರವಾಗಿದ್ದು ಪ್ರಾರ್ಥಿಸುವವರೇ. ಆ ಮಕ್ಕಳಲ್ಲಿ ನೂರಕ್ಕೆ ಸುಮಾರು 85 ಮಂದಿಯಾಗಲಿ ಅದಕ್ಕಿಂತ ಹೆಚ್ಚಾಗಲಿ ತಮ್ಮ ಇಚ್ಛೆಯಿಂದಲೇ ಸಭೆಗೆ ಸೇರುತ್ತಾರೆಂಬ ಸಂಗತಿಯು ಪರದೆಯ ಮೇಲೆ ರುಚಿಸುವುದಿಲ್ಲ.

ಬಹಿಷ್ಕಾರದ ವಿಷಯವೂ ಹೀಗೆಯೇ. ಮನೆಬಿಟ್ಟ ಯಾವ ಮಗನನ್ನಾದರೂ ತಂದೆಯು ಇನ್ನೆಂದಿಗೂ ನೋಡುವುದಿಲ್ಲವೆಂದು ಚಿತ್ರಗಳು ತೋರಿಸುತ್ತವೆ. ನಿಜವೇನಂದರೆ, ಸ್ನಾನದೀಕ್ಷೆ ಹೊಂದಿ ದೇವರ ಮುಂದೆ ವಾಗ್ದಾನಮಾಡಿ ಅದನ್ನು ಮುರಿದವನ ಮೇಲೆ ಮಾತ್ರ ಸಭೆಯ ಈ ಶಿಸ್ತು ಬೀಳುತ್ತದೆ. ದೀಕ್ಷೆಗೆ ಮುಂಚೆ ಹೊರಟುಹೋದವನಿಗೆ ಅದು ಸಲ್ಲದು. ಆ ಶಿಸ್ತು ಸರಿಯೋ ತಪ್ಪೋ ಎಂದು ನಾವು ಬೇರೆ ವಾದಿಸಬಹುದು. ಅದರಿಂದ ಮನೆಗಳಲ್ಲಿ ಕಣ್ಣೀರು ಬರುವುದೂ ನಿಜ. ಆದರೆ ವಾದಿಸುವ ಮೊದಲು ಅದು ಏನೆಂದು ಸರಿಯಾಗಿ ಹೇಳುವುದು ಕರ್ತವ್ಯವಲ್ಲವೋ?

ಮೂರನೆಯದು, ಹೊರಗಿನ ವೇಷವನ್ನು ಚೆನ್ನಾಗಿ ತೋರಿಸಿ ಒಳಗಿನ ವಿಶ್ವಾಸವನ್ನು ತಪ್ಪಾಗಿ ತೋರಿಸುವುದು. 1985ರಲ್ಲಿ ಬಂದ ‘ವಿಟ್ನೆಸ್’ ಎಂಬ ಚಲಚ್ಚಿತ್ರವು ಬಹು ಪ್ರಸಿದ್ಧವಾದದ್ದು; ಅದಕ್ಕೆ ಎರಡು ಆಸ್ಕರ್ ಬಹುಮಾನಗಳು ಬಂದವು. ಅದನ್ನು ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಜಿಲ್ಲೆಯಲ್ಲಿಯೇ ಚಿತ್ರಿಸಿದರು. ಊರವರೆಲ್ಲಾ ಕೂಡಿ ಒಂದೇ ದಿನದಲ್ಲಿ ಕಣಜದ ಕೊಟ್ಟಿಗೆಯನ್ನು ಎತ್ತಿ ನಿಲ್ಲಿಸುವ ನೋಟವು ಅದರಲ್ಲಿ ಅಂದವಾಗಿದೆ. ಆಯುಧದ ವಿಷಯವಾಗಿ ಅಜ್ಜನು ಮೊಮ್ಮಗನಿಗೆ ಬುದ್ಧಿ ಹೇಳುವ ಭಾಗವೂ ಗೌರವದಿಂದ ಕೂಡಿದೆ. ಇದನ್ನು ನಾವು ನ್ಯಾಯವಾಗಿ ಒಪ್ಪಬೇಕು. ಆದರೆ ಕೆಲವು ಪೋಕರಿಗಳು ಒಬ್ಬ ಆಮಿಶನನ್ನು ಬೀದಿಯಲ್ಲಿ ಅಣಕಿಸುವಾಗ, ಆಮಿಶನ ಉಡುಪಿನಲ್ಲಿ ಅಡಗಿದ್ದ ಪೋಲೀಸಿನವನು ಅವರಲ್ಲೊಬ್ಬನ ಮೂಗು ಮುರಿಯುವ ಹಾಗೆ ಗುದ್ದುತ್ತಾನೆ. ನೋಡುವವರಿಗೆ ಅಲ್ಲಿಯೇ ಹೆಚ್ಚಿನ ಸಂತೋಷ. ಅಂದರೆ, ಕೆನ್ನೆಯನ್ನು ತಿರುಗಿಸುವ ಸಾಧುವು ನೋಡಲಿಕ್ಕೆ ಅಂದವೇ, ಆದರೂ ಅವನನ್ನು ಕಾಯುವುದಕ್ಕೆ ಕಡೆಗೆ ಮುಷ್ಟಿಯುಳ್ಳವನು ಬೇಕು, ಎಂಬ ಪಾಠವು ಪ್ರೇಕ್ಷಕರ ಮನಸ್ಸಿಗೆ ಇಳಿಯುತ್ತದೆ. ಆಮಿಶರ ಹಿರಿಯರು ಈ ಚಿತ್ರವನ್ನು ಕುರಿತು ಸರಕಾರಕ್ಕೆ ತಮ್ಮ ದುಃಖವನ್ನು ತಿಳಿಸಿದಾಗ, ಆ ಸಂಸ್ಥಾನದ ವಾಣಿಜ್ಯ ಇಲಾಖೆಯವರು ಇನ್ನು ಮುಂದೆ ಆಮಿಶರನ್ನು ಸಿನೆಮಾದ ವಸ್ತುವಾಗಿ ಪ್ರಚಾರಪಡಿಸುವುದಿಲ್ಲವೆಂದು ಒಪ್ಪಿಕೊಂಡರು. ಆಮಿಶ್ ಮನೆಯಲ್ಲಿ ಹುಟ್ಟಿ ಪ್ರೊಫೆಸರನಾಗಿದ್ದ ಜಾನ್ ಹೋಸ್ಟೆಟ್ಲರ್ ಎಂಬವನೂ ತನ್ನ ಜನರ ಆತ್ಮವನ್ನು ಸಂತೆಗಿಡಬೇಡಿರೆಂದು ಅವರ ಪರವಾಗಿ ಬರೆದನು.

ಇದಕ್ಕಿಂತ ನಮ್ಮ ಹೃದಯಕ್ಕೆ ಹೆಚ್ಚು ತಟ್ಟುವ ಸಂಗತಿ ಇನ್ನೊಂದುಂಟು. 2006ರ ಅಕ್ಟೋಬರ್ 2ರಂದು ಅದೇ ಲ್ಯಾಂಕಾಸ್ಟರ್ ಜಿಲ್ಲೆಯ ನಿಕಲ್ ಮೈನ್ಸ್ ಎಂಬ ಸ್ಥಳದಲ್ಲಿ, ಆಮಿಶರ ಒಂದು ಕೋಣೆಯ ಶಾಲೆಗೆ ಹೊರಗಿನವನೊಬ್ಬನು ಬಂದೂಕು ಹಿಡಿದು ನುಗ್ಗಿ ಹತ್ತು ಹೆಣ್ಣುಮಕ್ಕಳನ್ನು ಹೊಡೆದನು. ಐವರು ಸತ್ತರು. ಅವನು ತನ್ನನ್ನೂ ಕೊಂದುಕೊಂಡನು. ಅವನು ಆ ಸೀಮೆಯಲ್ಲಿ ಹಾಲಿನ ಲಾರಿಯನ್ನು ಓಡಿಸುತ್ತಿದ್ದ ಪರಿಚಯಸ್ಥನೇ. ಅದೇ ದಿನ ಸಾಯಂಕಾಲ ಆಮಿಶರಲ್ಲಿ ಕೆಲವರು ಆ ಕೊಲೆಗಾರನ ಹೆಂಡತಿಯ ಬಳಿಗೂ ತಂದೆತಾಯಿಯ ಬಳಿಗೂ ಹೋಗಿ, ನಿಮ್ಮ ಮೇಲೆ ನಮಗೆ ದ್ವೇಷವಿಲ್ಲವೆಂದು ಹೇಳಿ ಅವರೊಂದಿಗೆ ಅತ್ತರು. ಕೆಲವು ದಿನಗಳ ಮೇಲೆ ಅವನನ್ನು ಮಣ್ಣುಮಾಡುವಾಗ ಗೋರಿಯ ಸುತ್ತಲೂ ನಿಂತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಮಿಶರೇ. ತಮ್ಮ ಮಗಳನ್ನು ಅದೇ ವಾರದಲ್ಲಿ ಮಣ್ಣುಮಾಡಿದ ತಂದೆತಾಯಿಗಳೂ ಅವರಲ್ಲಿದ್ದರು. ಲೋಕದ ನಾನಾ ಕಡೆಗಳಿಂದ ಬಂದ ಧರ್ಮದ ಹಣದಲ್ಲಿ ಒಂದು ಪಾಲನ್ನು ಅವರು ಆ ವಿಧವೆಯ ಕುಟುಂಬಕ್ಕೆ ಕೊಟ್ಟರು. ಆ ಶಾಲೆಯನ್ನು ಹತ್ತೇ ದಿನಗಳಲ್ಲಿ ಕೆಡವಿ ಅಲ್ಲಿ ಹುಲ್ಲು ಬೆಳೆಯಗೊಟ್ಟರು; 2007ರ ಏಪ್ರಿಲಿನಲ್ಲಿ ಬೇರೆ ಸ್ಥಳದಲ್ಲಿ ಹೊಸ ಶಾಲೆಯನ್ನು ತೆರೆದು ಅದಕ್ಕೆ ಹೊಸ ನಿರೀಕ್ಷೆ ಎಂಬರ್ಥದ ಹೆಸರಿಟ್ಟರು.

ಈ ಕ್ಷಮೆಯನ್ನು ಕುರಿತು ಮೂವರು ವಿದ್ವಾಂಸರು 2007ರಲ್ಲಿ ‘ಆಮಿಶ್ ಗ್ರೇಸ್’ ಎಂಬ ಗ್ರಂಥವನ್ನು ಬರೆದರು. 2010ರಲ್ಲಿ ಅದೇ ಹೆಸರಿನ ಚಿತ್ರವು ಟೆಲಿವಿಜನಿನಲ್ಲಿ ಬಂತು. ಆಮಿಶರ ಮನಸ್ಸಿಗೆ ನೋವಾದೀತೆಂದು ಗ್ರಂಥವನ್ನು ಬರೆದವರು ಚಿತ್ರದವರೊಡನೆ ಕೈಗೂಡಿಸಲಿಲ್ಲ. ಚಿತ್ರದವರು ತಾವೇ ಒಂದು ಕುಟುಂಬವನ್ನು ಕಲ್ಪಿಸಿ, ಮಗಳನ್ನು ಕಳಕೊಂಡ ತಾಯಿಯು ಕ್ಷಮಿಸಲಾರದೆ ಸಭೆಯ ಮೇಲೆ ಸಿಟ್ಟಾಗಿ ಬಿಟ್ಟುಹೋಗಲು ನೋಡುವುದನ್ನೇ ಕಥೆಯ ನಡುಗಂಬವಾಗಿ ನಿಲ್ಲಿಸಿದರು. ಯಾಕೆ ಹೀಗೆ ಮಾಡಿದರು? ದಿಟವಾಗಿ ನಡೆದದ್ದು ಲೋಕದ ಕಣ್ಣಿಗೆ ನಂಬತಕ್ಕದ್ದಾಗಿ ಕಾಣಲಿಲ್ಲ. ತಾಯಿಯು ಸಿಟ್ಟಾದರೆ ನಂಬುವರು, ಕ್ಷಮಿಸಿದರೆ ನಂಬರು.

ಆದರೆ ಆ ಕ್ಷಮೆಯು ಅಂದು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ, ಪ್ರಿಯರೇ. 1569ರಲ್ಲಿ ಹಾಲೆಂಡ್ ದೇಶದಲ್ಲಿ ಡಿರ್ಕ್ ವಿಲೆಮ್ಸ್ ಎಂಬ ಮರುಸ್ನಾನದವನು ಸೆರೆಯಿಂದ ತಪ್ಪಿಸಿಕೊಂಡು, ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿರುವಾಗ ಬೆನ್ನಟ್ಟಿಬಂದವನು ಮಂಜು ಒಡೆದು ಮುಳುಗಹೋದನು. ಡಿರ್ಕನು ಹಿಂದಿರುಗಿ ಕೈಕೊಟ್ಟು ಅವನನ್ನು ಮೇಲಕ್ಕೆತ್ತಿದನು. ಅದರಿಂದಲೇ ಸಿಕ್ಕಿಬಿದ್ದು ಬೆಂಕಿಯಲ್ಲಿ ಸುಡಲ್ಪಟ್ಟನು. ಈ ಚರಿತ್ರೆಯನ್ನು ಆಮಿಶರ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತಾರೆ. ನಮ್ಮ ಸಾಲಗಳನ್ನು ಬಿಡು ಎಂಬರ್ಥವುಳ್ಳ ಕರ್ತನ ಪ್ರಾರ್ಥನೆಯನ್ನು ಅವರು ದಿನಾಲು ಹೇಳಿ, ಬಿಡದವನಿಗೆ ಬಿಡುಗಡೆಯಿಲ್ಲವೆಂದು ಮಕ್ಕಳಿಗೆ ಕಲಿಸುತ್ತಾರೆ. ಹೀಗೆ ನಾನೂರು ವರುಷಗಳಿಂದ ಉಳುತ್ತಾ ಬಂದ ಹೊಲದಲ್ಲಿ ಆ ಒಂದು ದಿನ ಬೆಳೆ ಕಂಡಿತು. ದುಃಖವೂ ಕೋಪವೂ ಅವರಿಗೆ ಇರಲಿಲ್ಲವೆಂದಲ್ಲ. ಕ್ಷಮಿಸುತ್ತೇವೆಂದು ಬಾಯಿಂದ ಮೊದಲು ನಿಶ್ಚಯಿಸಿ, ಹೃದಯವು ಆ ಮಾತನ್ನು ಹಿಂಬಾಲಿಸುವ ವರೆಗೆ ದಿನದಿನವೂ ಹೊಸದಾಗಿ ಕ್ಷಮಿಸಬೇಕಾಯಿತು. ಬಿತ್ತನೆಯನ್ನು ಬಿಟ್ಟು ಕೊಯ್ಲನ್ನು ಮಾತ್ರ ತೋರಿಸುವ ಪರದೆಗೆ ಇದು ಹೇಗೆ ತಿಳಿದೀತು?

ನಾಲ್ಕನೆಯದು, ಹೊಗಳಿಕೆಯ ಸುಳ್ಳು. ಕೆಲವು ಚಿತ್ರಗಳು ಆಮಿಶರನ್ನು ಪಾಪವಿಲ್ಲದ ಏದೆನಿನ ನಿವಾಸಿಗಳ ಹಾಗೆ ತೋರಿಸುತ್ತವೆ. ಇದೂ ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿಯೇ. 2011ರಲ್ಲಿ ಓಹಾಯೋ ಸೀಮೆಯ ಬೇರೆಯಾಗಿ ನಿಂತ ಒಂದು ಗುಂಪಿನವರು ರಾತ್ರಿಯಲ್ಲಿ ಬೇರೆ ಆಮಿಶರ ಮನೆಗಳಿಗೆ ಹೋಗಿ ಗಂಡಸರ ಗಡ್ಡಗಳನ್ನು ಬಲಾತ್ಕಾರದಿಂದ ಕತ್ತರಿಸಿದರು. 2012ರಲ್ಲಿ ಹದಿನಾರು ಮಂದಿ ಅಪರಾಧಿಗಳೆಂದು ನ್ಯಾಯಾಲಯದಲ್ಲಿ ತೀರ್ಪಾಯಿತು. ಮಕ್ಕಳಿಗೂ ಹೆಂಗಸರಿಗೂ ಮನೆಯೊಳಗೇ ಆದ ಅನ್ಯಾಯಗಳೂ ನ್ಯಾಯಾಲಯಗಳ ಮುಂದೆ ಬಂದದ್ದುಂಟು. ಇಂಥವುಗಳನ್ನು ಮುಚ್ಚಿ ಬರೇ ಹಸುರು ಹೊಲವನ್ನೂ ಕುದುರೆಗಾಡಿಯನ್ನೂ ತೋರಿಸುವವನು, ಅನ್ಯಾಯ ಹೊಂದಿದವರ ಬಾಯನ್ನು ಮುಚ್ಚುತ್ತಾನೆ. ಆಮಿಶರು ದೂತರೂ ಅಲ್ಲ, ಕಳ್ಳರೂ ಅಲ್ಲ. ನಮ್ಮ ಹಾಗೆ ಕೃಪೆಯಿಂದ ಬಾಳಬೇಕಾದ ಪಾಪಿಗಳು.

ಇದರಿಂದ ನಮಗೇನು?

ಈ ದೂರದ ಸಂಗತಿಯು ನಮಗೇಕೆಂದು ಯಾರೂ ಹೇಳಬಾರದು. ಈಗ ನಮ್ಮ ಹಳ್ಳಿಗಳಲ್ಲಿಯೂ ಕೈಯಗಲದ ಪರದೆಯು ಮನೆಮನೆಯಲ್ಲಿದೆ. ಹೊಲದ ಬದುವಿನಲ್ಲಿ ಕುಳಿತ ಹುಡುಗನು ಸಮುದ್ರದ ಆಚೆಯವರ ಚಿತ್ರವನ್ನೂ, ಆಚೆ ಬೀದಿಯವರ ಚಿತ್ರವನ್ನೂ ಅದರಲ್ಲಿ ನೋಡುತ್ತಾನೆ, ನೋಡಿದ್ದನ್ನು ಇನ್ನೊಬ್ಬನಿಗೆ ಕಳುಹಿಸುತ್ತಾನೆ. ಮುಂಚೆ ಸುಳ್ಳುಸಾಕ್ಷಿ ಹೇಳಬೇಕಾದರೆ ಚಾವಡಿಯ ವರೆಗೆ ನಡೆದುಹೋಗಿ ಊರವರ ಮುಂದೆ ನಿಲ್ಲಬೇಕಿತ್ತು. ಈಗ ಹೆಬ್ಬೆರಳು ಆಡಿಸಿದರೆ ಸಾಕು.

ಚಲಚ್ಚಿತ್ರದ ಸುಳ್ಳು ಎಂಥದೆಂದು ನಮಗೇ ಅನುಭವವುಂಟು. ನಮ್ಮ ದೇಶದ ಸಿನೆಮಾಗಳಲ್ಲಿ ಕ್ರೈಸ್ತನೆಂದರೆ ಕುಡುಕನು, ಕ್ರೈಸ್ತ ಹೆಂಗಸೆಂದರೆ ಮರ್ಯಾದೆಗೆಟ್ಟವಳು, ಎಂದು ಎಷ್ಟು ಸಾರಿ ತೋರಿಸಿದ್ದಾರೆ! ಬೆಳಿಗ್ಗೆ ಎದ್ದು ಪ್ರಾರ್ಥನೆ ಮಾಡಿ ನಾಟಿಗೆ ಹೋಗುವ ನಮ್ಮ ತಾಯಂದಿರನ್ನು ಯಾವ ಚಿತ್ರದವನು ತೋರಿಸಿದನು? ಅದನ್ನು ನೋಡಿ ನಮಗೆ ನೋವಾಗುತ್ತದಲ್ಲವೇ? ಹಾಗಾದರೆ ಬೇರೆಯವರಿಗೂ ಹಾಗೆಯೇ ನೋವಾಗುವುದೆಂದು ತಿಳಿಯುವುದಕ್ಕೆ ಬೇರೆ ಗುರು ಬೇಕೋ? ನಮಗೆ ಜನರು ಏನು ಮಾಡಬೇಕೆಂದು ಅಪೇಕ್ಷಿಸುತ್ತೇವೋ ಅದನ್ನೇ ಅವರಿಗೂ ಮಾಡಬೇಕೆಂದು ಕರ್ತನು ಬೆಟ್ಟದ ಮೇಲೆ ಕಲಿಸಿದ ಅಳತೆಯು ಇಲ್ಲಿ ಸಲ್ಲತಕ್ಕದ್ದು.

ಆದಕಾರಣ ಮೂರು ಮಾತುಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳೋಣ.

ಮೊದಲನೆಯದು, ಒಂದು ಪಕ್ಷದ ಮಾತು ಕೇಳಿ ತೀರ್ಪುಮಾಡಬಾರದು. ವ್ಯಾಜ್ಯದಲ್ಲಿ ಮೊದಲು ಬಾಯಿಬಿಟ್ಟವನೇ ನ್ಯಾಯವುಳ್ಳವನಾಗಿ ತೋರುತ್ತಾನೆಂದೂ, ಎದುರು ಪಕ್ಷದವನು ಬಂದ ಮೇಲೆ ಸತ್ಯವು ಹೊರಬೀಳುತ್ತದೆಂದೂ ಸೊಲೊಮೋನನ ಜ್ಞಾನೋಕ್ತಿಗಳ 18ನೆಯ ಅಧ್ಯಾಯದಿಂದ ಕಲಿಯುತ್ತೇವೆ. ಎದುರು ಪಕ್ಷದವನು ಬರಲಾರದವನಾದರೆ? ಆಗ ನಾವೇ ಅವನ ಪರವಾಗಿ ಪ್ರಶ್ನೆ ಕೇಳಬೇಕು. ಇದನ್ನು ತೋರಿಸಿದವನು ಯಾರು? ಇದರಿಂದ ಅವನಿಗೆ ಬರುವ ಹಣವೆಷ್ಟು? ಇದು ನೂರರಲ್ಲಿ ಒಬ್ಬನ ಸಂಗತಿಯೋ, ನೂರೂ ಮಂದಿಯದ್ದೋ? ಅಲ್ಲಿಯವರನ್ನು ಕೇಳಿದರೆ ಅವರು ಹೌದೆನ್ನುವರೋ?

ಎರಡನೆಯದು, ನಮ್ಮ ನಾಲಿಗೆಯನ್ನು ನಾವೇ ಕಾಯಬೇಕು. ನಾವು ಬಿಟ್ಟುಬಂದ ಮತದವರನ್ನು ಕುರಿತಾಗಲಿ, ಮಸೀದಿಗೆ ಹೋಗುವವರನ್ನು ಕುರಿತಾಗಲಿ, ಬೇರೆ ಸಭೆಯವರನ್ನು ಕುರಿತಾಗಲಿ, ನಮ್ಮ ಕೂಟದಲ್ಲಿ ಅವರು ಇಲ್ಲವೆಂಬ ಧೈರ್ಯದಿಂದ ಯಾರಾದರೂ ಮಾತಾಡಿದರೆ ಅದು ಕಿವುಡನನ್ನು ಶಪಿಸಿದ ಹಾಗೆಯೇ. ಉಪದೇಶಿಯು ಪೀಠದಿಂದ ಹೇಳಿದರೂ ಸುಳ್ಳು ಸುಳ್ಳೇ. ಸತ್ಯವಾದ ದೇವರಿಗೆ ನಮ್ಮ ಸುಳ್ಳಿನ ಸಹಾಯವು ಬೇಕಾಗಿಲ್ಲ. ನೆರೆಯವನು ಬಾಗಿಲಲ್ಲಿ ನಿಂತು ಕೇಳುತ್ತಿದ್ದರೆ ಯಾವ ಮಾತನ್ನು ಹೇಳಲು ನಾಚುವೆವೋ, ಆ ಮಾತನ್ನು ಅವನು ಇಲ್ಲದಾಗಲೂ ಹೇಳಬಾರದು.

ಮೂರನೆಯದು, ನಮ್ಮ ಮೇಲೆ ಸುಳ್ಳು ಬಂದಾಗ ಆ ಆಮಿಶರಿಂದ ಕಲಿಯೋಣ. ಸತ್ಯವನ್ನು ಹೇಳುವುದು ತಪ್ಪಲ್ಲ. ಅವರ ಹಿರಿಯರೂ ಸರಕಾರದ ಮುಂದೆ ಹೋಗಿ ಸಮಾಧಾನದಿಂದ ಹೇಳಿದರಲ್ಲಾ. ಆದರೆ ಬೈದವನನ್ನು ತಿರುಗಿ ಬೈಯಲಿಲ್ಲ. ಪರದೆಯು ಅವರನ್ನು ಬಂದೂಕಿನವರೆಂದು ತೋರಿಸಿತು. ಅವರು ಎಂದಿನಂತೆ ಉತ್ತರು, ಬಿತ್ತರು, ನೆರೆಯವನ ಸುಟ್ಟ ಕೊಟ್ಟಿಗೆಯನ್ನು ಕಟ್ಟಿಕೊಟ್ಟರು. ಸುಳ್ಳಿನ ಮುಂದೆ ನಿಲ್ಲುವ ಒಳ್ಳೇ ಸಾಕ್ಷಿಯು ಅದೇ. ನಿಕಲ್ ಮೈನ್ಸಿನ ಗೋರಿಯ ಬಳಿಯಲ್ಲಿ ಮೌನವಾಗಿ ನಿಂತ ಆ ತಂದೆತಾಯಿಗಳು ಕ್ರಿಸ್ತನ ವಿಷಯವಾಗಿ ಹೇಳಿದಷ್ಟನ್ನು ಯಾವ ಚಲಚ್ಚಿತ್ರವು ಹೇಳೀತು?

ನಮ್ಮ ಕರ್ತನ ಮೇಲೆಯೂ ಸುಳ್ಳುಸಾಕ್ಷಿಗಳು ನಿಂತರು. ಆತನ ಮಾತನ್ನು ತಿರುಚಿ, ದೇವಾಲಯವನ್ನು ಕೆಡವುವವನೆಂದು ಹೇಳಿದರು. ಸೈನಿಕರು ಕೆಂಪು ವಸ್ತ್ರ ಹೊದಿಸಿ, ಮುಳ್ಳಿನ ಕಿರೀಟವಿಟ್ಟು, ಆತನ ಅರಸುತನವನ್ನೇ ನಗೆಯಾಟದ ವೇಷವಾಗಿ ಮಾಡಿದರು. ಆತನಿಗೆ ಎಲ್ಲವೂ ಕೇಳಿಸಿತು. ಆದರೂ ಕಿವುಡನಂತೆಯೂ ಮೂಕನಂತೆಯೂ ಇದ್ದು, ಕಡೆಗೆ ಶಿಲುಬೆಯ ಮೇಲೆ ಅವರಿಗೋಸ್ಕರ ತಂದೆಯ ಹತ್ತಿರ ಕ್ಷಮೆಯನ್ನು ಬೇಡಿದನು. ಆದಕಾರಣ ಯಾವ ನೆರೆಯವನು ನಮ್ಮ ಮುಂದೆ ಉತ್ತರ ಕೊಡಲಾರದೆ ಇರುವನೋ, ಅವನ ಪಕ್ಕದಲ್ಲಿ ಈ ಮೌನದ ಕರ್ತನು ನಿಂತಿದ್ದಾನೆಂದು ತಿಳಿದು ಆತನಿಗೆ ಭಯಪಡೋಣ. ನಮ್ಮ ಬಾಯಿಗೆ ಸತ್ಯವನ್ನೂ, ನಮ್ಮ ಕಿವಿಗೆ ತಾಳ್ಮೆಯನ್ನೂ, ನಮ್ಮ ಹೃದಯಕ್ಕೆ ದಿನಾಲು ಕ್ಷಮಿಸುವ ಕೃಪೆಯನ್ನೂ ಆತನೇ ಅನುಗ್ರಹಿಸಲಿ. ಆಮೆನ್.